ಇಂಗ್ಲಿಷ್ ಮಾತಿನ ಏರಿಳಿತ: ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಾಕರಣ ಸರಿಯಿದೆ, ಪದಗಳು ಗೊತ್ತಿವೆ, ಉಚ್ಚಾರಣೆಯೂ ಬಹುಪಾಲು ನೆಟ್ಟಗಿದೆ. ಆದರೂ ಇಂಗ್ಲಿಷಿನಲ್ಲಿ ಮಾತಾಡಿದಾಗ ಎದುರಿನವರು ಬೇರೆಯೇ ಅರ್ಥ ಹಿಡಿಯುತ್ತಾರೆ, ಇಲ್ಲವೇ ಎರಡೆರಡು ಸಲ ಕೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರೂ ಇಂಗ್ಲಿಷ್ ಮಾಧ್ಯಮದವರೂ ಹೇಳಿಕೊಳ್ಳುವ ತೊಂದರೆ ಇದು. ಇದರ ಬೇರು ಅನೇಕ ಸಲ ಮಾತಿನ ಏರಿಳಿತದಲ್ಲಿರುತ್ತದೆ. ನಮ್ಮ ಶಾಲಾ ಪಠ್ಯಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ತೀರಾ ಕಡಿಮೆ.

ಉದಾಹರಣೆಗಳನ್ನು ಓದುವ ಕ್ರಮ ಹೀಗೆ: ಪದದ ಆರಂಭದಲ್ಲಿ ↘ ಇದ್ದರೆ ಆ ಪದದ ಮೇಲೆ ಒತ್ತು ಬಿದ್ದು ಧ್ವನಿ ಇಳಿಯುತ್ತದೆ, ↗ ಇದ್ದರೆ ಏರುತ್ತದೆ, ↘↗ ಇದ್ದರೆ ಇಳಿದು ಮತ್ತೆ ಏರುತ್ತದೆ. ಅಡ್ಡಗೆರೆ | ಇದ್ದಲ್ಲಿ ಒಂದು ಕ್ಷಣದ ನಿಲುಗಡೆ. ಬೇರೆಯಾಗಿ ಹೇಳದಿದ್ದರೆ ಉದಾಹರಣೆಗಳು ದಕ್ಷಿಣ ಇಂಗ್ಲೆಂಡಿನ ಮಾತಿನ ಧಾಟಿಯವು. ಪಠ್ಯಪುಸ್ತಕಗಳಲ್ಲಿ ಅತಿ ಹೆಚ್ಚು ವಿವರಣೆ ಸಿಗುವುದು ಅದಕ್ಕೇ.

ಏರಿಳಿತ ಎಂದರೆ ಏನು? ಒತ್ತು ಕೊಡುವುದೂ ಅದೂ ಒಂದೇ ಅಲ್ಲವೇ?

ಎರಡೂ ಜೊತೆಯಾಗಿ ಬರುತ್ತವೆ, ಆದರೆ ಒಂದೇ ಅಲ್ಲ. ಗಂಟಲಿನ ಧ್ವನಿತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆ ಎಂಬುದರ ಮೇಲೆ ಧ್ವನಿಯ ಸ್ಥಾಯಿ ನಿಂತಿದೆ. ವಯಸ್ಕ ಗಂಡಸರಲ್ಲಿ ಅದು ಸಾಮಾನ್ಯವಾಗಿ 100ರಿಂದ 130ರ ನಡುವೆ, ಹೆಂಗಸರಲ್ಲಿ 200ರ ಆಸುಪಾಸಿನಲ್ಲಿ ಇರುತ್ತದೆ. ಮಾತಾಡುವಾಗ ಈ ಸ್ಥಾಯಿ ಮೇಲೆ ಕೆಳಗೆ ಸರಿಯುತ್ತಲೇ ಇರುತ್ತದೆ. ವಾಕ್ಯದುದ್ದಕ್ಕೂ ಹಾಗೆ ಸರಿಯುವುದೇ ಏರಿಳಿತ. ಒಂದು ಉಚ್ಚಾರಾಂಶವನ್ನು ಉಳಿದವುಗಳಿಗಿಂತ ದೀರ್ಘವಾಗಿ, ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳುವುದು ಒತ್ತು. ಇಂಗ್ಲಿಷಿನಲ್ಲಿ ಧ್ವನಿಯ ದೊಡ್ಡ ತಿರುವು ಶುರುವಾಗುವುದು ಮುಖ್ಯ ಒತ್ತು ಬಿದ್ದ ಜಾಗದಲ್ಲೇ ಆದ್ದರಿಂದ ಇವೆರಡನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ.

ಚೀನಾದ ಮ್ಯಾಂಡರಿನ್ ಅಥವಾ ನಮ್ಮದೇ ದೇಶದ ಪಂಜಾಬಿಯ ಹಾಗೆ ಇಂಗ್ಲಿಷಿನಲ್ಲಿ ಸ್ಥಾಯಿ ಬದಲಾದರೆ ಪದವೇ ಬದಲಾಗುವುದಿಲ್ಲ. ಪಂಜಾಬಿಯಲ್ಲಿ ಕುದುರೆ, ಕುಷ್ಠರೋಗಿ, ಚಾವಟಿ ಎಂಬ ಅರ್ಥದ ಮೂರು ಪದಗಳನ್ನು ಸ್ಥಾಯಿಯೊಂದರಿಂದಲೇ ಬೇರೆಬೇರೆಯಾಗಿ ಗುರುತಿಸುತ್ತಾರೆ. ಇಂಗ್ಲಿಷಿನಲ್ಲಿ ಪದ ಅದೇ ಆಗಿ ಉಳಿಯುತ್ತದೆ. ಆ ಪದವನ್ನಿಟ್ಟುಕೊಂಡು ಮಾತಾಡುವವನು ಕೇಳುತ್ತಿದ್ದಾನೋ ಹೇಳುತ್ತಿದ್ದಾನೋ, ಮಾತು ಮುಗಿಯಿತೋ ಇನ್ನೂ ಇದೆಯೋ, ಯಾವುದಕ್ಕೆ ಯಾವುದನ್ನು ಎದುರಿಡುತ್ತಿದ್ದಾನೆ ಎಂಬುದು ಬದಲಾಗುತ್ತದೆ.

ಭಾಷಾವಿಜ್ಞಾನಿ ಎಂ. ಎ. ಕೆ. ಹ್ಯಾಲಿಡೇ 1967ರಲ್ಲಿ ಇದನ್ನು ಮೂರು ತೀರ್ಮಾನಗಳಾಗಿ ಬಿಡಿಸಿಟ್ಟರು: ಮಾತನ್ನು ಎಲ್ಲಿ ತುಂಡರಿಸಬೇಕು, ಪ್ರತಿ ತುಂಡಿನಲ್ಲಿ ಯಾವ ಪದಕ್ಕೆ ಮುಖ್ಯ ಒತ್ತು ಬೀಳಬೇಕು, ಅಲ್ಲಿಂದ ಧ್ವನಿ ಯಾವ ಕಡೆ ತಿರುಗಬೇಕು. ಕಲಿಯುವವರಿಗೆ ಇದಕ್ಕಿಂತ ಅನುಕೂಲವಾದ ವಿಂಗಡಣೆಯನ್ನು ನಾನು ಕಂಡಿಲ್ಲ.

ಕನ್ನಡದಲ್ಲಿಯೂ ನಾವು ಧ್ವನಿ ಏರಿಸಿ ಇಳಿಸಿ ಮಾತಾಡುತ್ತೇವೆ. ಇಂಗ್ಲಿಷಿನಲ್ಲಿ ಅದಕ್ಕೇಕೆ ಅಷ್ಟು ಮಹತ್ವ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಕನ್ನಡದಲ್ಲಿ ಧಾಟಿ ಖಂಡಿತ ಇದೆ. ಕುಂದಾಪುರದವರನ್ನೂ ಧಾರವಾಡದವರನ್ನೂ ಮೈಸೂರಿನವರನ್ನೂ ಮಾತಿನ ರಾಗದಿಂದಲೇ ಗುರುತಿಸುತ್ತೇವೆ. ಆದರೆ ಅರ್ಥದ ಭಾರವನ್ನು ಹೊರುವ ಕೆಲಸವನ್ನು ಕನ್ನಡ ಹೆಚ್ಚಾಗಿ ಪದದ ತುದಿಗೆ ಒಪ್ಪಿಸಿದೆ. ‘ರವಿ ಬಂದ’, ‘ರವಿಯೇ ಬಂದ’, ‘ರವಿಯೂ ಬಂದ’, ‘ರವಿಯಂತೂ ಬಂದ’, ‘ರವಿ ಬಂದೇ ಬಂದ’, ‘ರವಿ ಬಂದನಾ?’, ‘ಬಂದದ್ದು ರವಿ’. ಇವನ್ನು ಯಾವ ಏರಿಳಿತವೂ ಇಲ್ಲದೆ ಮನಸ್ಸಿನಲ್ಲೇ ಓದಿದರೂ ಅರ್ಥ ಬೇರೆಬೇರೆಯಾಗಿ ಹೊಳೆಯುತ್ತದೆ. ಏ, ಊ, ಅಂತೂ, ಆ, ಓ ಇವೇ ಆ ಕೆಲಸವನ್ನು ಮಾಡಿಬಿಡುತ್ತವೆ. ಪದಗಳ ಕ್ರಮವನ್ನೂ ನಾವು ಸಲೀಸಾಗಿ ಹಿಂದೆ ಮುಂದೆ ಮಾಡುತ್ತೇವೆ.

ಇಂಗ್ಲಿಷಿಗೆ ಇಂಥ ಪ್ರತ್ಯಯಗಳಿಲ್ಲ, ಪದಕ್ರಮವೂ ಬಿಗಿ. ಹಾಗಾಗಿ ಅದು ಈ ಕೆಲಸದ ದೊಡ್ಡ ಪಾಲನ್ನು ಧ್ವನಿಗೆ ವಹಿಸಿದೆ. ಬಿಲ್ ಕಟ್ಟಿದ ಮಾತನ್ನೇ ನೋಡಿ:

‘ಐ ಪೇಯ್ಡ್ ದ ↘ಬಿಲ್’: ಬಿಲ್ ಕಟ್ಟಿದೆ. ಸಾದಾ ಸುದ್ದಿ.
‘↘ಐ ಪೇಯ್ಡ್ ದ ಬಿಲ್’: ಬಿಲ್ ಕಟ್ಟಿದ್ದು ನಾನು, ಬೇರೆ ಯಾರೂ ಅಲ್ಲ.
‘ಐ ↘ಪೇಯ್ಡ್ ದ ಬಿಲ್’: ಬಿಲ್ ಆಗಲೇ ಕಟ್ಟಿದ್ದೇನಲ್ಲ.
‘ಐ ಪೇಯ್ಡ್ ದ ↘↗ಬಿಲ್’: ಬಿಲ್ಲನ್ನಂತೂ ಕಟ್ಟಿದ್ದೇನೆ, ಉಳಿದದ್ದರ ಮಾತು ಬೇರೆ.
‘ಯು ಪೇಯ್ಡ್ ದ ↗ಬಿಲ್’: ಬಿಲ್ ಕಟ್ಟಿದಿರಾ?

ಅಚ್ಚಿನಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಇಂಗ್ಲಿಷನ್ನು ಪುಸ್ತಕದಿಂದ ಕಲಿತವರ ಕಣ್ಣಿಗೆ ಏರಿಳಿತ ಬೀಳುವುದೇ ಇಲ್ಲ. ನಮ್ಮ ತೊಂದರೆಗೆ ನಾಲಿಗೆಯ ದೋಷ ಕಾರಣವಲ್ಲ, ಈ ಕೆಲಸ ಎಲ್ಲಿ ನಡೆಯುತ್ತಿದೆ ಎಂದು ಯಾರೂ ತೋರಿಸಿಕೊಡದಿರುವುದು ಕಾರಣ.

ಇದರಿಂದ ಒಂದು ಉಪಯುಕ್ತ ಉಪಾಯವೂ ಸಿಗುತ್ತದೆ. ಹೇಳಬೇಕಾದ ಇಂಗ್ಲಿಷ್ ವಾಕ್ಯವನ್ನು ಮೊದಲು ಸಹಜ ಕನ್ನಡದಲ್ಲಿ ಹೇಳಿಕೊಳ್ಳಿ. ಕನ್ನಡದಲ್ಲಿ ‘ಏ’ ಎಲ್ಲಿ ಬಂತೋ ಇಂಗ್ಲಿಷಿನಲ್ಲಿ ಆ ಪದಕ್ಕೆ ಒತ್ತು ಕೊಟ್ಟು ಧ್ವನಿ ಇಳಿಸಿ. ‘ಅಂತೂ’ ಬಂದರೆ ಇಳಿಸಿ ಏರಿಸಿ. ‘ಆ’ ಬಂದರೆ ಏರಿಸಿ. ಎಲ್ಲ ಕಡೆಯೂ ಇದು ಕೈಹಿಡಿಯುವುದಿಲ್ಲ, ಆದರೆ ಬಹಳ ದೂರ ಕೊಂಡೊಯ್ಯುತ್ತದೆ.

ಒತ್ತು ಒಂದು ಪದ ಆಚೀಚೆ ಸರಿದರೆ ಅಷ್ಟೊಂದು ವ್ಯತ್ಯಾಸ ಆಗುತ್ತದೆಯೇ?

ಪೂರ್ತಿ ತಿರುಗುಮುರುಗಾಗುವಷ್ಟು ಆಗುತ್ತದೆ. ‘ಐ ಥಾಟ್ ಇಟ್ ವುಡ್ ↘ರೇನ್’ ಎಂದರೆ ಮಳೆ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ ಎಂಬ ಧ್ವನಿ. ‘ಐ ↘ಥಾಟ್ ಇಟ್ ವುಡ್ ರೇನ್’ ಎಂದರೆ ಮಳೆ ಬರುತ್ತದೆ ಎಂದುಕೊಂಡೇ ಇದ್ದೆ, ಹಾಗೆಯೇ ಬಂತು. ಪದಗಳು ಅವೇ, ಕ್ರಮವೂ ಅದೇ. ಒಂದರಲ್ಲಿ ನೆಲ ಒಣಗಿದೆ, ಇನ್ನೊಂದರಲ್ಲಿ ಒದ್ದೆಯಾಗಿದೆ. ಕನ್ನಡದ ‘ಎಂದುಕೊಂಡೇ ಇದ್ದೆ’ಯಲ್ಲಿ ‘ಏ’ ಕೂತಿರುವ ಜಾಗವನ್ನು ಗಮನಿಸಿ: ಇಂಗ್ಲಿಷಿನ ಒತ್ತೂ ಅದೇ ಕ್ರಿಯಾಪದದ ಮೇಲೆ ಬಿದ್ದಿದೆ.

ಎರಡು ಪದ ಸೇರಿ ಒಂದಾದಲ್ಲಿಯೂ ಹೀಗೆಯೇ. ‘ಇಂಗ್ಲಿಷ್ ಟೀಚರ್’ ಎನ್ನುವಾಗ ಮೊದಲ ಪದಕ್ಕೆ ಒತ್ತು ಬಿದ್ದರೆ ಇಂಗ್ಲಿಷ್ ಪಾಠ ಹೇಳುವವರು. ಎರಡನೆಯದಕ್ಕೆ ಬಿದ್ದರೆ ಇಂಗ್ಲೆಂಡಿನಿಂದ ಬಂದ ಶಿಕ್ಷಕರು, ಅವರು ಕಲಿಸುವುದು ಗಣಿತವೂ ಆಗಿರಬಹುದು.

ವಾಕ್ಯದಲ್ಲಿ ಯಾವ ಪದಕ್ಕೆ ಒತ್ತು ಕೊಡಬೇಕೆಂದು ತಿಳಿಯುವುದು ಹೇಗೆ?

ವಿಶೇಷ ಕಾರಣ ಇಲ್ಲದಿದ್ದರೆ ವಾಕ್ಯದ ಕೊನೆಯ ಅರ್ಥವುಳ್ಳ ಪದಕ್ಕೆ: ನಾಮಪದ, ಕ್ರಿಯಾಪದ, ವಿಶೇಷಣ ಹೀಗೆ. ‘ಟು’, ‘ಆಫ್’, ‘ಇಟ್’, ‘ಹಿಮ್’ ಮುಂತಾದ ಚಿಕ್ಕ ಪದಗಳು ಹಗುರವಾಗಿ ಸರಿದುಹೋಗಬೇಕು. ನಾವು ಎಡವುವುದು ಇಲ್ಲಿಯೇ. ‘ಐ ಸೆಂಟ್ ಇಟ್ ಟು ↘ಯು’ ಎಂದು ಕೊನೆಯ ಪದವನ್ನು ಒತ್ತಿದರೆ ಕೇಳುವವರಿಗೆ ‘ಕಳಿಸಿದ್ದು ನಿಮಗೇ’ ಎಂದು ಬೊಟ್ಟು ಮಾಡಿದ ಹಾಗಾಗುತ್ತದೆ. ‘ಐ ↘ಸೆಂಟ್ ಇಟ್ ಟು ಯು’ ಎಂದರೆ ‘ಕಳಿಸಿದ್ದೇನಲ್ಲ’ ಎಂದಷ್ಟೇ. ಕಚೇರಿಯ ಫೋನಿನಲ್ಲಿ ಮೊದಲನೆಯದು ಬಾಯಿಗೆ ಬಂದರೆ, ಯಾರೂ ಬಯಸದ ಜಗಳವೊಂದು ಹುಟ್ಟಿಕೊಳ್ಳಬಹುದು.

ಎರಡನೆಯ ನಿಯಮ ಇನ್ನೂ ಮುಖ್ಯ: ಆಗಲೇ ಮಾತಿನಲ್ಲಿ ಬಂದುಹೋದ ವಿಷಯಕ್ಕೆ ಒತ್ತು ಬೀಳಬಾರದು. ಸಹೋದ್ಯೋಗಿಯೊಬ್ಬರು ‘ವಿ ನೀಡ್ ಅ ↘ಪ್ರಿಂಟರ್’ ಎಂದರು ಎನ್ನಿ. ಉತ್ತರ ‘ವಿ ಹ್ಯಾವ್ ↘ಟೂ ಪ್ರಿಂಟರ್ಸ್’ ಎಂದಿರಬೇಕು. ಪ್ರಿಂಟರ್ ಹಳೆಯ ಮಾತು, ಎರಡು ಎಂಬುದು ಹೊಸದು. ಭಾರತೀಯರಲ್ಲಿ ಹಲವರು ಇಲ್ಲಿ ಕೊನೆಯ ‘ಪ್ರಿಂಟರ್ಸ್’ ಅನ್ನೇ ಮತ್ತೆ ಒತ್ತುತ್ತಾರೆ. ಆಗ ಕೇಳುವವರು ಹೊಸ ಸುದ್ದಿಯನ್ನು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಪ್ರತಿ ವಾಕ್ಯದಲ್ಲೂ ಹೀಗಾದರೆ ಪದಗಳೆಲ್ಲ ಕೇಳಿಸಿದರೂ ಮಾತು ಹಿಡಿಯಲು ಕಷ್ಟವಾಗುತ್ತದೆ. ‘ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಆದರೆ ಕೇಳಿ ಸುಸ್ತಾಗುತ್ತದೆ’ ಎನ್ನುವವರು ಹೇಳಹೊರಟಿರುವುದು ಬಹುಶಃ ಇದನ್ನೇ.

ನಿಯಮ ಮುರಿಯುವ ಜಾಗಗಳೂ ಇವೆ. ಥಟ್ಟನೆ ನಡೆಯುವ ಘಟನೆಯನ್ನು ತಿಳಿಸುವ ಚಿಕ್ಕ ವಾಕ್ಯಗಳಲ್ಲಿ ಒತ್ತು ಕರ್ತೃವಿನ ಮೇಲೆ ಬೀಳುತ್ತದೆ: ‘ದ ↘ಫೋನ್ ಈಸ್ ರಿಂಗಿಂಗ್’, ‘ದ ↘ಬಸ್ ಈಸ್ ಕಮಿಂಗ್’. ಏಕೆ ಎಂದು ವಿದ್ವಾಂಸರು ದಶಕಗಳಿಂದ ಚರ್ಚಿಸುತ್ತಿದ್ದಾರೆ. ಎದುರಿನವರ ಮನಸ್ಸನ್ನು ಓದಬಲ್ಲವರಿಗೆ ಮಾತ್ರ ಒತ್ತಿನ ಜಾಗವನ್ನು ಮುಂಚಿತವಾಗಿ ಹೇಳಲು ಸಾಧ್ಯ ಎಂಬುದು ಅಮೆರಿಕದ ಡ್ವೈಟ್ ಬೋಲಿಂಜರ್ 1972ರಲ್ಲಿ ಮಂಡಿಸಿದ ವಾದ. ನಿಯಮಪಟ್ಟಿಯನ್ನು ಉರುಹೊಡೆಯುವ ಬದಲು ‘ನನ್ನ ಎದುರಿಗಿರುವವರಿಗೆ ಇದರಲ್ಲಿ ಹೊಸತು ಯಾವುದು?’ ಎಂದು ಕೇಳಿಕೊಳ್ಳುವುದು ಲೇಸು.

ಪ್ರಶ್ನೆಗಳನ್ನೆಲ್ಲ ಧ್ವನಿ ಏರಿಸಿ ಕೇಳಬೇಕೆ?

ಇಲ್ಲ. ‘ಪ್ರಶ್ನೆ ಎಂದರೆ ಏರು’ ಎಂದು ಶಾಲೆಯಲ್ಲಿ ಕಲಿಸಿದ್ದು ಅರ್ಧ ಮಾತ್ರ ನಿಜ.

ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗಳು ಸಾಮಾನ್ಯವಾಗಿ ಏರುತ್ತವೆ: ‘ಆರ್ ಯು ↗ರೆಡಿ’. ಏನು, ಎಲ್ಲಿ, ಯಾವಾಗ, ಏಕೆ ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಇಳಿಯುತ್ತವೆ: ‘ವೇರ್ ಡು ಯು ↘ಲಿವ್’. ಅದನ್ನೇ ‘ವೇರ್ ಡು ಯು ↗ಲಿವ್’ ಎಂದು ಕೊನೆಗೆ ಏರಿಸಿದರೆ ಮೃದುವಾಗುತ್ತದೆ, ಮಕ್ಕಳನ್ನು ಮಾತಾಡಿಸುವಾಗ ಹೀಗೆ ಕೇಳುತ್ತಾರೆ. ಒತ್ತನ್ನೂ ಏರನ್ನೂ ಮೊದಲ ಪದಕ್ಕೇ ತಂದು ‘↗ವೇರ್ ಡು ಯು ಲಿವ್’ ಎಂದರೆ ಅದು ಬೇರೆಯೇ ಪ್ರಶ್ನೆ: ‘ಎಲ್ಲಿ ಅಂದಿರಿ? ಸರಿಯಾಗಿ ಕೇಳಿಸಲಿಲ್ಲ.’ ಊರಿನ ಹೆಸರು ಕೇಳಲು ಹೊರಟು ಹೀಗೆಂದರೆ, ನಾನಿನ್ನೂ ಹೇಳಿಯೇ ಇಲ್ಲವಲ್ಲ ಎಂದು ಎದುರಿನವರು ಗೊಂದಲಕ್ಕೆ ಬೀಳುತ್ತಾರೆ.

ಇನ್ನು ‘ಡಿಡ್ ಯು ↘ಫಿನಿಶ್ ಇಟ್’ ಎಂದು ಹೌದು-ಇಲ್ಲ ಪ್ರಶ್ನೆಯನ್ನು ಇಳಿಸಿದರೆ ವಿಚಾರಣೆಯ ಛಾಯೆ ಬರುತ್ತದೆ. ಮೇಲಧಿಕಾರಿಗೆ ಹಾಗೆ ಕೇಳದಿರುವುದು ಕ್ಷೇಮ.

‘ಸಾರಿ’ ಎಂದರೆ ಕ್ಷಮೆಯೋ, ಇನ್ನೊಮ್ಮೆ ಹೇಳಿ ಎಂದೋ?

ಇಳಿದರೆ ಕ್ಷಮೆ, ಏರಿದರೆ ‘ಏನಂದಿರಿ?’. ‘ಥ್ಯಾಂಕ್ ಯು’ ಕೂಡ ಹೀಗೆ ಎರಡು ಬಗೆ: ಇಳಿಸಿ ಹೇಳಿದರೆ ಮನಸಾರೆ ಹೇಳಿದ ಕೃತಜ್ಞತೆ, ಏರಿಸಿದರೆ ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುವಾಗಿನ ವಾಡಿಕೆಯ ಮಾತು. ದೊಡ್ಡ ಉಪಕಾರ ಮಾಡಿದವರಿಗೆ ಏರುಧಾಟಿಯಲ್ಲಿ ಹೇಳಬೇಡಿ.

‘ಡಿಡಂಟ್ ಯು’, ‘ಇಸಂಟ್ ಇಟ್’ ಎಂಬ ಬಾಲ ಸೇರಿಸುವಾಗ ಧ್ವನಿ ಎತ್ತ ಹೋಗಬೇಕು?

ನಿಮಗೆ ಉತ್ತರ ಗೊತ್ತಿದೆಯೇ ಇಲ್ಲವೇ ಎಂಬುದನ್ನು ನೋಡಿ. ‘ಯು ಲಾಕ್ಡ್ ದ ↘ಡೋರ್, ↘ಡಿಡಂಟ್ ಯು’ ಎಂದರೆ ಬಾಗಿಲು ಹಾಕಿರುವುದು ಗೊತ್ತು, ಒಪ್ಪಿಗೆ ಬೇಕು ಅಷ್ಟೇ. ‘↗ಡಿಡಂಟ್ ಯು’ ಎಂದರೆ ನಿಜಕ್ಕೂ ಅನುಮಾನ: ಹಾಕಿದಿರೋ ಇಲ್ಲವೋ? ಸೆಖೆಯಲ್ಲಿ ಬೆವರುತ್ತಾ ‘ಇಟ್ಸ್ ↘ಹಾಟ್, ↗ಇಸಂಟ್ ಇಟ್’ ಎಂದು ಏರಿಸಿ ಕೇಳಿದರೆ ವಿಚಿತ್ರವಾಗುತ್ತದೆ. ಅಲ್ಲಿ ಬೇಕಾದದ್ದು ಉತ್ತರವಲ್ಲ, ಜೊತೆಗೂಡುವ ಒಂದು ಮಾತು.

ಇಳಿದು ಏರುವ ಧಾಟಿಯೇ ಅತಿ ಕಷ್ಟ ಎನ್ನುತ್ತಾರೆ. ಅದರ ಗುಟ್ಟೇನು?

ಇಂಗ್ಲಿಷಿನ ಸೂಕ್ಷ್ಮವೆಲ್ಲ ಇದರಲ್ಲಿದೆ ಎಂದರೆ ತಪ್ಪಾಗಲಾರದು. ಒಂದೇ ಪದದ ಮೇಲೆ ಧ್ವನಿ ಇಳಿದು, ತುದಿಯಲ್ಲಿ ಸ್ವಲ್ಪ ಮೇಲೇಳುತ್ತದೆ. ಹೇಳಿದ್ದು ಇಷ್ಟು, ಹೇಳದೆ ಬಿಟ್ಟದ್ದು ಇನ್ನೂ ಇದೆ ಎಂದು ಅದು ತಿಳಿಸುತ್ತದೆ.

‘ಐ ಡೋಂಟ್ ಲೆಂಡ್ ಮೈ ಬುಕ್ಸ್ ಟು ↘ಎನಿಬಡಿ’: ನನ್ನ ಪುಸ್ತಕಗಳನ್ನು ಯಾರಿಗೂ ಕೊಡುವುದಿಲ್ಲ.
‘ಐ ಡೋಂಟ್ ಲೆಂಡ್ ಮೈ ಬುಕ್ಸ್ ಟು ↘↗ಎನಿಬಡಿ’: ಯಾರಿಗೆ ಬೇಕೆಂದರೆ ಅವರಿಗೆ ಕೊಡುವುದಿಲ್ಲ, ನಂಬಿಕೆಯವರಿಗೆ ಕೊಡುತ್ತೇನೆ.

ಮೊದಲನೆಯದನ್ನು ಕೇಳಿದವರು ಹಿಂದಿರುಗಬೇಕು, ಎರಡನೆಯದನ್ನು ಕೇಳಿದವರು ಇನ್ನೊಮ್ಮೆ ವಿಚಾರಿಸಬಹುದು.

ಕೆಲಸದ ಜಾಗದಲ್ಲಿ ಈ ಧಾಟಿಯನ್ನು ಆಡುವುದಕ್ಕಿಂತ ಕೇಳಿಸಿಕೊಳ್ಳುವುದು ಮುಖ್ಯ. ಬ್ರಿಟಿಷ್ ಸಹೋದ್ಯೋಗಿ ನಿಮ್ಮ ವರದಿಯನ್ನು ನೋಡಿ ‘ದ ಫಸ್ಟ್ ಪಾರ್ಟ್ ಈಸ್ ↘↗ಗುಡ್’ ಎಂದರೆ ಸಂತೋಷಪಡುವ ಮುನ್ನ ಎರಡನೆಯ ಭಾಗದ ಬಗ್ಗೆ ಕೇಳಿ. ‘ಇಟ್ಸ್ ↘↗ಪಾಸಿಬಲ್’ ಎಂದರೆ ಆಗುತ್ತದೆ ಎಂದಲ್ಲ, ಆದರೂ ಆದೀತು, ಅಡ್ಡಿಗಳಿವೆ ಎಂದು. ಭಾರತದ ತಂಡಗಳು ಇಂಥ ಮಾತನ್ನು ಒಪ್ಪಿಗೆಯೆಂದು ತಿಳಿದು ಕೆಲಸ ಆರಂಭಿಸಿಬಿಡುವುದುಂಟು. ಆಮೇಲೆ ‘ಮೊದಲೇ ಹೇಳಬಾರದಿತ್ತೇ’ ಎಂದು ಇವರು, ‘ಹೇಳಿದ್ದೆನಲ್ಲ’ ಎಂದು ಅವರು. ಇಬ್ಬರದೂ ಸರಿ, ಹೇಳಿದ್ದು ಪದದಲ್ಲಿರಲಿಲ್ಲ, ಧಾಟಿಯಲ್ಲಿತ್ತು.

ನಯವಾಗಿ ತಿದ್ದುವುದಕ್ಕೂ ಇದು ಬೇಕು. ಸಭೆ ಬುಧವಾರವೇ ಎಂದು ಯಾರೋ ಕೇಳಿದಾಗ ‘↘ಥರ್ಸ್‌ಡೇ’ ಎಂದು ಇಳಿಸಿ ಮುಗಿಸಿದರೆ ಬಾಯಿ ಮುಚ್ಚಿಸಿದಂತೆ ಕೇಳುತ್ತದೆ. ‘↘↗ಥರ್ಸ್‌ಡೇ’ ಎಂದರೆ ‘ಗುರುವಾರ ಇರಬೇಕು ನೋಡಿ’ ಎಂಬಷ್ಟು ಹಗುರ.

ಬರ್ಮಿಂಗ್‌ಹ್ಯಾಮಿನ ಭಾಷಾವಿಜ್ಞಾನಿ ಡೇವಿಡ್ ಬ್ರೆಜಿಲ್ ಇದಕ್ಕೆ ಇನ್ನೊಂದು ವಿವರಣೆ ಕೊಟ್ಟರು: ಇಬ್ಬರಿಗೂ ತಿಳಿದಿರುವ ವಿಷಯವನ್ನು ಇಳಿದೇರುವ ಧಾಟಿ ಸೂಚಿಸುತ್ತದೆ, ಹೊಸದಾಗಿ ಮುಂದಿಡುವ ವಿಷಯವನ್ನು ಇಳಿಧಾಟಿ ಸೂಚಿಸುತ್ತದೆ. ‘ವೆನ್ ಯು ಗೆಟ್ ಟು ↘↗ಮೈಸೂರು | ↘ಕಾಲ್ ಮಿ’ ಎನ್ನುವಲ್ಲಿ ಮೈಸೂರಿಗೆ ಹೋಗುವುದು ಇಬ್ಬರಿಗೂ ಗೊತ್ತಿರುವ ಮಾತು, ಫೋನ್ ಮಾಡು ಎಂಬುದು ಹೊಸ ಮಾತು.

ನಾನು ವಿನಯದಿಂದಲೇ ಮಾತಾಡಿದೆ. ಅವರಿಗೆ ಒರಟು ಎನಿಸಿದ್ದು ಏಕೆ?

ಇದಕ್ಕೆ ಉತ್ತರವಾಗಿ ಒಂದು ನಿಜ ಪ್ರಸಂಗವನ್ನು ಹೇಳಬೇಕು. 1970ರ ದಶಕದಲ್ಲಿ ಬ್ರಿಟನ್ನಿನ ದೊಡ್ಡ ವಿಮಾನನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನಗಳಿಂದ ಬಂದ ಹೆಂಗಸರು ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಅವರು ಸಿಡುಕಿನವರು, ಸಹಕರಿಸುವುದಿಲ್ಲ ಎಂಬ ದೂರು ಮೇಲ್ವಿಚಾರಕರಿಂದಲೂ ಊಟಕ್ಕೆ ಬರುವ ಕೆಲಸಗಾರರಿಂದಲೂ ಬಂತು. ಅವರು ಆಡುತ್ತಿದ್ದ ಇಂಗ್ಲಿಷ್ ಪದಗಳೋ ತೀರಾ ಕಡಿಮೆ. ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಆ ಮಾತುಗಳ ಧ್ವನಿಮುದ್ರಣವನ್ನು ಪರಿಶೀಲಿಸಿದರು. ಮಾಂಸದ ಮೇಲೆ ಗ್ರೇವಿ ಬೇಕೇ ಎಂದು ಕೇಳುವಾಗ ಬ್ರಿಟಿಷ್ ಪರಿಚಾರಕಿಯರು ‘↗ಗ್ರೇವಿ’ ಎನ್ನುತ್ತಿದ್ದರು. ನಮ್ಮ ಕಡೆಯ ಹೆಂಗಸರು ‘↘ಗ್ರೇವಿ’ ಎನ್ನುತ್ತಿದ್ದರು. ಒಂದೇ ಪದ. ಏರಿದ್ದು ‘ಬೇಕೇ?’ ಎಂದು ಕೇಳಿಸಿತು. ಇಳಿದದ್ದು ‘ಇದು ಗ್ರೇವಿ, ಬೇಕಾದರೆ ತಗೋ’ ಎಂದು ಕೇಳಿಸಿತು.

ಎರಡನ್ನೂ ಒಟ್ಟಿಗೆ ಕೇಳಿಸಿದಾಗ ಆ ಹೆಂಗಸರಿಗೆ ಮೊದಲು ವ್ಯತ್ಯಾಸವೇ ಕಾಣಲಿಲ್ಲ. ಅವರ ರೂಢಿಯಲ್ಲಿ ಇಳಿಧಾಟಿಯೇ ಪ್ರಶ್ನೆ ಕೇಳುವ ಸಹಜ ಕ್ರಮವಾಗಿತ್ತು. ಇಂಗ್ಲಿಷ್ ಶಿಕ್ಷಕರೂ ಮೇಲ್ವಿಚಾರಕರೂ ಅದು ಕಿವಿಗೆ ಹೇಗೆ ಬೀಳುತ್ತದೆ ಎಂದು ಹೇಳಿದಾಗ, ಜನ ತಮ್ಮ ಜೊತೆ ಹಾಗೇಕೆ ನಡೆದುಕೊಳ್ಳುತ್ತಿದ್ದರೆಂಬುದು ಅವರಿಗೆ ಅರ್ಥವಾಗತೊಡಗಿತು. ಆ ಹೆಂಗಸರು ತಪ್ಪು ಮಾಡಿದರು ಎಂದು ನಾನು ಹೇಳಲಾರೆ. ಉಚ್ಚಾರಣೆ ತಪ್ಪಿದರೆ ‘ಇವರು ಹೊರಗಿನವರು’ ಎಂದುಕೊಂಡು ಕೇಳುವವರು ತಾಳ್ಮೆ ತೋರಿಸುತ್ತಾರೆ. ಏರಿಳಿತ ತಪ್ಪಿದರೆ ಅದು ಭಾಷೆಯ ವ್ಯತ್ಯಾಸವೆಂದು ಯಾರಿಗೂ ಹೊಳೆಯುವುದಿಲ್ಲ. ದೋಷ ನೇರವಾಗಿ ಸ್ವಭಾವದ ತಲೆಗೆ ಕಟ್ಟುತ್ತದೆ. ಏರಿಳಿತವನ್ನು ಕಲಿಸಲೇಬೇಕು ಎಂದು ನಾನು ಹಠ ಹಿಡಿಯುವುದು ಈ ಅನ್ಯಾಯದ ಕಾರಣಕ್ಕೇ.

ಮಾತಿನಲ್ಲಿ ಎಲ್ಲಿ ನಿಲ್ಲಿಸಬೇಕು?

ಅರ್ಥದ ತುಂಡು ಮುಗಿದಲ್ಲಿ. ‘ದೋಸ್ ಹೂ ಸೋಲ್ಡ್ ಕ್ವಿಕ್ಲಿ | ಮೇಡ್ ಅ ಪ್ರಾಫಿಟ್’ ಎಂದರೆ ಬೇಗ ಮಾರಿದವರು ಲಾಭ ಮಾಡಿಕೊಂಡರು. ‘ದೋಸ್ ಹೂ ಸೋಲ್ಡ್ | ಕ್ವಿಕ್ಲಿ ಮೇಡ್ ಅ ಪ್ರಾಫಿಟ್’ ಎಂದರೆ ಮಾರಿದವರು ಬೇಗ ಲಾಭ ಮಾಡಿಕೊಂಡರು. ‘ಮೈ ಬ್ರದರ್ ಹೂ ಲಿವ್ಸ್ ಇನ್ ಪುಣೆ’ ಎಂದು ಒಂದೇ ಉಸಿರಿಗೆ ಹೇಳಿದರೆ ಅಣ್ಣತಮ್ಮಂದಿರಲ್ಲಿ ಪುಣೆಯವನು ಎಂದಾಗುತ್ತದೆ. ‘ಮೈ ಬ್ರದರ್’ ನಂತರ ನಿಲ್ಲಿಸಿದರೆ ಇರುವ ಅಣ್ಣ ಒಬ್ಬನೇ, ಅವನಿರುವುದು ಪುಣೆಯಲ್ಲಿ ಎಂದು.

‘ಟೀ ಆರ್ ಕಾಫಿ’ ಎಂದು ಕೇಳಿದಾಗ ‘ಜ್ಯೂಸ್’ ಎನ್ನಬಹುದೇ?

ಕೇಳಿದವರ ಧ್ವನಿಯ ಕಡೆಗೆ ಗಮನ ಕೊಡಿ. ‘↗ಟೀ ಆರ್ ↘ಕಾಫಿ’ ಎಂದು ಕೊನೆಗೆ ಇಳಿದರೆ ಇರುವುದು ಎರಡೇ. ‘↗ಟೀ ಆರ್ ↗ಕಾಫಿ’ ಎಂದು ಎರಡೂ ಏರಿದರೆ ಕುಡಿಯಲು ಏನಾದರೂ ಕೊಡಲೇ ಎಂಬ ತೆರೆದ ಪ್ರಶ್ನೆ, ಜ್ಯೂಸ್ ಎನ್ನಬಹುದು.

ನಮ್ಮ ಪರಂಪರೆಯಲ್ಲಿ ಇದರ ಬಗ್ಗೆ ಯಾರೂ ಯೋಚಿಸಿರಲಿಲ್ಲವೇ?

ಯೋಚಿಸಿದ್ದರು, ಅದೂ ಆಳವಾಗಿ. ಧ್ವನಿಯ ಬದಲಾವಣೆಯಿಂದ ಅರ್ಥ ಬದಲಾಗುವುದಕ್ಕೆ ಸಂಸ್ಕೃತ ಕಾವ್ಯಮೀಮಾಂಸೆಯಲ್ಲಿ ‘ಕಾಕು’ ಎಂಬ ಹೆಸರಿದೆ. ಭರತನ ನಾಟ್ಯಶಾಸ್ತ್ರದಲ್ಲಿ ಕಾಕು ಎರಡು ಬಗೆ: ಸಾಕಾಂಕ್ಷ, ನಿರಾಕಾಂಕ್ಷ. ಇನ್ನೂ ಏನನ್ನೋ ಬಯಸುತ್ತ ನಿಂತ ಮಾತು ಒಂದು, ಪೂರ್ಣಗೊಂಡ ಮಾತು ಇನ್ನೊಂದು. ಇಂಗ್ಲಿಷಿನ ಏರು-ಇಳಿಗಳ ಬಗ್ಗೆ ಇಂದು ಹೇಳುವ ಮೂಲಭೂತ ಮಾತೂ ಇದೇ: ಏರಿದ್ದು ಮುಗಿದಿಲ್ಲ, ಇಳಿದದ್ದು ಮುಗಿದಿದೆ. ‘ಕೋಪಗೊಂಡು ಕೌರವರನ್ನು ನಾನು ಮಥಿಸುವುದಿಲ್ಲ’ ಎಂಬ ಭೀಮನ ಮಾತೊಂದನ್ನು ಆಲಂಕಾರಿಕರು ಉದಾಹರಿಸುತ್ತಾರೆ. ಕಾಕುವಿನಿಂದ ಹೇಳಿದಾಗ ಅದರ ಅರ್ಥ ‘ಮಥಿಸದೆ ಬಿಡುತ್ತೇನೆಯೇ!’ ಎಂದು. ತಾಳಮದ್ದಳೆಯನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಮರ್ಥ ಅರ್ಥಧಾರಿ ಎದುರಾಳಿಯ ವಾಕ್ಯವನ್ನೇ ಧಾಟಿ ಬದಲಿಸಿ ಅವನ ಮೇಲೆಯೇ ತಿರುಗಿಸಬಲ್ಲ.

ಇಂಗ್ಲಿಷ್ ತಾಯ್ನುಡಿಯವರೆಲ್ಲರ ಧಾಟಿ ಒಂದೇ ಏನು?

ಖಂಡಿತ ಅಲ್ಲ. ಬೆಲ್‌ಫಾಸ್ಟ್, ಗ್ಲ್ಯಾಸ್ಗೊ, ನ್ಯೂಕ್ಯಾಸಲ್, ಲಿವರ್‌ಪೂಲ್ ನಗರಗಳಲ್ಲಿ ಸಾದಾ ಹೇಳಿಕೆಗಳೂ ಏರುವುದುಂಟು. ಅಲ್ಲಿ ಅದು ಪ್ರಶ್ನೆಯಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕ್ಯಾಲಿಫೋರ್ನಿಯಾಗಳಲ್ಲಿ, ಅದರಲ್ಲೂ ಕಿರಿಯರಲ್ಲಿ, ಹೇಳಿಕೆಯ ಕೊನೆಯಲ್ಲಿ ಧ್ವನಿ ಏರಿಸುವ ರೂಢಿಯಿದೆ. ‘ಕೇಳಿಸಿಕೊಳ್ಳುತ್ತಿದ್ದೀರಿ ತಾನೇ’ ಎಂದು ಎದುರಿನವರನ್ನು ಜೊತೆಗೆ ಕರೆದೊಯ್ಯುವ ರೀತಿ ಅದು. ಮಕ್ಕಳು ಮೆಲ್ಬರ್ನಿನಲ್ಲಿದ್ದಾರೆ, ಮೊಮ್ಮಕ್ಕಳು ಹೇಳುವುದೆಲ್ಲ ಪ್ರಶ್ನೆಯ ಹಾಗೆ ಕೇಳುತ್ತದೆ ಎನ್ನುವ ಅಜ್ಜ-ಅಜ್ಜಿಯರಿಗೆ ಇದೇ ಉತ್ತರ.

ಹಾಗಾದರೆ ನನ್ನ ಕನ್ನಡದ ಧಾಟಿಯನ್ನು ಬಿಟ್ಟುಬಿಡಬೇಕೆ?

ಬೇಡ. ಕಾಲ್ ಸೆಂಟರ್‌ಗಳು ಬೆಂಗಳೂರಿಗೆ ಬಂದ ಮೇಲೆ ಉಚ್ಚಾರಣಾ ತರಬೇತಿ ದೊಡ್ಡ ಉದ್ಯಮವಾಯಿತು. ಆ ತರಬೇತಿಗಳಲ್ಲಿ ಎಷ್ಟೋ ಯುವಕ ಯುವತಿಯರು ತಮ್ಮ ದನಿಯ ಬಗ್ಗೆ ನಾಚಿಕೆಪಡುವುದನ್ನೂ ಕಲಿತರು. ಅದು ಆಗಬಾರದಿತ್ತು.

ಏನನ್ನು ಕಲಿಯಬೇಕು, ಏನನ್ನು ಬಿಡಬಹುದು ಎಂಬುದಕ್ಕೆ ಒಳ್ಳೆಯ ದಾರಿ ತೋರಿದವರು ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್. ಬೇರೆಬೇರೆ ತಾಯ್ನುಡಿಯವರು ಇಂಗ್ಲಿಷಿನಲ್ಲಿ ಪರಸ್ಪರ ಮಾತಾಡುವಾಗ ಯಾವುದು ತಪ್ಪಿದರೆ ಅರ್ಥ ಕೆಡುತ್ತದೆ ಎಂದು ನೋಡಿ, 2000ದಲ್ಲಿ ಅವರು ಒಂದು ತಿರುಳಿನ ಪಟ್ಟಿಯನ್ನು ಮುಂದಿಟ್ಟರು. ಮುಖ್ಯ ಒತ್ತನ್ನು ಸರಿಯಾದ ಪದದ ಮೇಲೆ ಇಡು­ವುದು ಅದರಲ್ಲಿದೆ. ಧ್ವನಿ ಯಾವ ಕಡೆ ತಿರುಗುತ್ತದೆ ಎಂಬುದು ಇಲ್ಲ. ನಮ್ಮಲ್ಲಿ ಆರ್. ಕೆ. ಬನ್ಸಲ್ ಭಾರತೀಯ ಇಂಗ್ಲಿಷ್ ಎಷ್ಟರ ಮಟ್ಟಿಗೆ ಅರ್ಥವಾಗುತ್ತದೆ ಎಂಬ ಬಗ್ಗೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ (ಈಗಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಇಫ್ಲು) 1969ರಲ್ಲಿ ಪ್ರಕಟಿಸಿದ ಅಧ್ಯಯನವೂ ಒತ್ತಿನ ದೋಷಗಳತ್ತ ಬೆರಳು ತೋರಿತ್ತು.

ನನ್ನ ಸಲಹೆ ಹೀಗೆ: ಮೊದಲು ಒತ್ತಿನ ಜಾಗ, ಆಮೇಲೆ ನಿಲುಗಡೆ. ಬ್ರಿಟಿಷರು, ಅಮೆರಿಕನ್ನರ ಜೊತೆ ದಿನವೂ ಕೆಲಸ ಮಾಡುವವರು ಇಳಿದೇರುವ ಧಾಟಿಯನ್ನು ಕಿವಿಯಲ್ಲಾದರೂ ಹಿಡಿಯಲಿ. ಉಳಿದ ರಾಗ ಕನ್ನಡದ್ದೇ ಇರಲಿ.

ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಇದೆಯೇ?

ಇದೆ. ವಿದೇಶದಲ್ಲಿ ಓದು, ಕೆಲಸ ಬಯಸುವವರ ಇಂಗ್ಲಿಷನ್ನು ಅಳೆಯುವ ಈ ಪರೀಕ್ಷೆಯ ಮಾತಿನ ಭಾಗದಲ್ಲಿ ನಾಲ್ಕು ಅಳತೆಗೋಲುಗಳಿವೆ, ನಾಲ್ಕಕ್ಕೂ ಸಮಾನ ತೂಕ. ಅವುಗಳಲ್ಲೊಂದು ಉಚ್ಚಾರಣೆ; ಒತ್ತು, ಏರಿಳಿತ ಅದರೊಳಗೆ ಸೇರುತ್ತವೆ. ನಕಲಿ ಬ್ರಿಟಿಷ್ ದನಿಗೆ ಹೆಚ್ಚು ಅಂಕ ಸಿಗುವುದಿಲ್ಲ. ಬಾಯಿಪಾಠ ಮಾಡಿದ ಉತ್ತರವನ್ನು ಪರೀಕ್ಷಕರು ಗುರುತಿಸುವುದು ಅದರ ಏಕತಾನದ ಧಾಟಿಯಿಂದಲೂ ಹೌದು.

ಮನೆಯಲ್ಲೇ ಅಭ್ಯಾಸ ಮಾಡುವುದು ಹೇಗೆ?

ಸಂದರ್ಶನವೊಂದರ ಧ್ವನಿಮುದ್ರಣದಿಂದ ಹತ್ತು ಹದಿನೈದು ಸೆಕೆಂಡುಗಳ ತುಣುಕು ಆರಿಸಿಕೊಳ್ಳಿ. ವಾರ್ತಾ ವಾಚನ ಬೇಡ; ಅದರ ಧಾಟಿ ಓದಿನದು, ಸಂಭಾಷಣೆಯದಲ್ಲ. ಪದಗಳನ್ನು ಬಿಟ್ಟು ಬರೀ ರಾಗವನ್ನು ಬಾಯಿ ಮುಚ್ಚಿ ಗುನುಗಿ. ಧ್ವನಿ ಎಲ್ಲಿ ತಿರುಗಿತು ಎಂದು ಆಗಲೇ ಗೊತ್ತಾಗುವುದು; ಪದಗಳಿದ್ದರೆ ಮನಸ್ಸು ಅವುಗಳ ಹಿಂದೆಯೇ ಓಡುತ್ತದೆ. ರಾಗ ಕೈಗೆ ಬಂದ ಮೇಲೆ ಪದಗಳನ್ನು ಸೇರಿಸಿ, ಮೊಬೈಲಿನಲ್ಲಿ ಮುದ್ರಿಸಿ, ಎರಡನ್ನೂ ಒಂದರ ಹಿಂದೊಂದು ಕೇಳಿ.

ಒತ್ತು ಬರದಿದ್ದರೆ ದಪ್ಪ ರಬ್ಬರ್ ಬ್ಯಾಂಡೊಂದನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು, ಮುಖ್ಯ ಪದ ಬಂದಾಗ ಎಳೆಯಿರಿ. ಕೈ ಎಳೆದಷ್ಟು ಹೊತ್ತು ನಾಲಿಗೆಯೂ ಆ ಸ್ವರವನ್ನು ಎಳೆಯುತ್ತದೆ. ಉಚ್ಚಾರಣಾ ಶಿಕ್ಷಕರ ಹಳೆಯ ಉಪಾಯವಿದು, ನಾಚಿಕೆ ಬಿಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಕಣ್ಣಿನಿಂದ ನೋಡಿ ಕಲಿಯಬಯಸುವವರಿಗೆ ‘ಪ್ರಾಟ್’ ಎಂಬ ಉಚಿತ ತಂತ್ರಾಂಶವಿದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೋರ್ಸ್ಮಾ, ಡೇವಿಡ್ ವೇನಿಂಕ್ ರೂಪಿಸಿದ್ದು. ನಿಮ್ಮ ಮಾತಿನ ಸ್ಥಾಯಿ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. 1775ರಲ್ಲಿ ಜೋಶುವಾ ಸ್ಟೀಲ್ ಎಂಬಾತ ಇಂಗ್ಲಿಷ್ ಮಾತಿನ ಏರಿಳಿತವನ್ನು ಬರೆದಿಡಲು ದೊಡ್ಡ ತಂತಿವಾದ್ಯದ ಮೇಲೆ ಬೆರಳು ಜಾರಿಸಿ ತನ್ನ ದನಿಗೆ ಹೊಂದಿಸಿ ನೋಡಬೇಕಾಗಿತ್ತು. ಆ ಕೆಲಸ ಈಗ ಲ್ಯಾಪ್‌ಟಾಪಿನಲ್ಲಿ ಕ್ಷಣಾರ್ಧದಲ್ಲಿ ಆಗುತ್ತದೆ. ಹಾಡು ಬರುವವರಿಗೆ ಇದೆಲ್ಲ ಬೇಗ ಹತ್ತುತ್ತದೆ ಎಂದು ನನಗನಿಸುತ್ತದೆ, ಆದರೆ ಹಾಡು ಬರದವರೂ ಧಾರಾಳವಾಗಿ ಕಲಿಯಬಲ್ಲರು.

ನನಗೆ ನಲವತ್ತೈದು ದಾಟಿದೆ. ಈಗ ಸಾಧ್ಯವೇ?

ಸಾಧ್ಯ, ಆದರೆ ತಾಳ್ಮೆ ಬೇಕು. ಧಾಟಿ ನಮ್ಮೊಳಗೆ ಬಹಳ ಬೇಗ ಇಳಿಯುತ್ತದೆ. ಫ್ರೆಂಚ್ ನವಜಾತ ಶಿಶುಗಳ ಅಳು ಹೆಚ್ಚಾಗಿ ಏರುತ್ತದೆ, ಜರ್ಮನ್ ಶಿಶುಗಳದ್ದು ಹೆಚ್ಚಾಗಿ ಇಳಿಯುತ್ತದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಗರ್ಭದಲ್ಲಿ ಕೇಳಿದ ತಾಯ್ನುಡಿಯ ರಾಗ ಅದು. ಅಷ್ಟು ಹಳೆಯದನ್ನು ಅಳಿಸುವುದು ಬೇಕಿಲ್ಲ. ಒತ್ತಿನ ಜಾಗವನ್ನು ಬದಲಿಸುವುದು ಮಾತ್ರ ತಿಳಿವಳಿಕೆಯಿಂದ ಮಾಡಬಹುದಾದ ಕೆಲಸ, ಅದಕ್ಕೆ ಎಳೆಯ ನಾಲಿಗೆಯೇ ಬೇಕೆಂದಿಲ್ಲ.

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ತರಗತಿಯಲ್ಲಿ ಎಲ್ಲಿಂದ ಆರಂಭಿಸಲಿ?

ಕಪ್ಪುಹಲಗೆಯ ಮೇಲೆ ಒಂದೇ ವಾಕ್ಯ ಬರೆಯಿರಿ: ‘ಕಮಲಾ ಬಾಟ್ ಅ ಗ್ರೀನ್ ಸ್ಯಾರಿ ಇನ್ ಇಳಕಲ್’. ಪ್ರಶ್ನೆಗಳನ್ನು ನೀವು ಕನ್ನಡದಲ್ಲಿ ಕೇಳಿ, ಮಕ್ಕಳು ಪ್ರತಿ ಸಲವೂ ಇದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಪೂರ್ತಿ ಹೇಳಲಿ. ‘ಇಳಕಲ್‌ನಲ್ಲಿ ಹಸಿರು ಸೀರೆ ಕೊಂಡದ್ದು ವಿಮಲಾ ಅಲ್ಲವೇ?’ ಎಂದರೆ ಒತ್ತು ‘ಕಮಲಾ’ ಮೇಲೆ. ‘ಕಮಲಾ ಕೊಂಡದ್ದು ಕೆಂಪು ಸೀರೆಯಲ್ಲವೇ?’ ಎಂದರೆ ‘ಗ್ರೀನ್’ ಮೇಲೆ. ‘ಮೊಳಕಾಲ್ಮೂರಿನಲ್ಲಿ ಕೊಂಡಳಂತೆ?’ ಎಂದರೆ ‘ಇಳಕಲ್’ ಮೇಲೆ. ‘ಯಾರೋ ಕೊಟ್ಟ ಸೀರೆಯಂತಲ್ಲ?’ ಎಂದರೆ ‘ಬಾಟ್’ ಮೇಲೆ. ತಪ್ಪಿದ ಮಗುವಿಗೆ ನಿಯಮ ಹೇಳಬೇಡಿ. ಉತ್ತರವನ್ನು ಒಮ್ಮೆ ಕನ್ನಡದಲ್ಲಿ ಹೇಳಲು ಬಿಡಿ. ‘ಕಮಲಾನೇ ಕೊಂಡದ್ದು’ ಎಂದು ತಾನಾಗಿ ಬರುತ್ತದೆ. ಆ ‘ಏ’ಯನ್ನು ತೋರಿಸಿ, ಇಂಗ್ಲಿಷ್ ವಾಕ್ಯವನ್ನು ಇನ್ನೊಮ್ಮೆ ಹೇಳಿಸಿ. ಅದು ಸಲೀಸಾದ ಮೇಲೆ ಪ್ರಶ್ನೆ ಕೇಳುವ ಕೆಲಸವನ್ನೂ ಮಕ್ಕಳಿಗೇ ಬಿಟ್ಟುಕೊಡಿ. ಹಸಿರು ಸೀರೆಯ ಬಗ್ಗೆ ನಿಮಗೆ ಹೊಳೆಯದ ಪ್ರಶ್ನೆಗಳೆಲ್ಲ ಅವರಿಗೆ ಹೊಳೆಯುತ್ತವೆ.